ಸರೋಜಕ್ಕನ ಕೈಯ ಮಣ್ಣು

ಸ್ನೇಹಿತರೇ, ಕದ್ರಿಯ ನಮ್ಮ ಹಗಲು ಆರೈಕೆ ಕೇಂದ್ರದಿಂದ ಇವತ್ತು ಸರೋಜಕ್ಕ ಹೊರಟುಹೋದರು. ಮನಸ್ಸಿನ ಕಾಯಿಲೆಯಿಂದ ಮಾತೇ ಬಿಟ್ಟಿದ್ದವರು, ಇಲ್ಲಿನ ಕೈತೋಟದಲ್ಲಿ ಕೆಲಸ ಮಾಡುತ್ತಾ ನಿಧಾನವಾಗಿ ಮಾತನಾಡತೊಡಗಿದ್ದರು. ಬೆಳಿಗ್ಗೆ ಮೆಣಸಿನ ಸಸಿ ನೆಡುತ್ತಿದ್ದಾಗ ಅವರ ಅಣ್ಣ ಬಂದರು. ತಂಗಿಯ ಮಣ್ಣಾದ ಕೈ ನೋಡಿ ಅವರಿಗೆ ಸಿಟ್ಟು ಬಂತು.

"ಎಂತ ಮೇಡಂ ಇದು? ಗುಣ ಆಗ್ಲಿ ಅಂತ ಕಳಿಸಿದ್ದು ನಾವು, ಕೂಲಿ ಕೆಲಸಕ್ಕಲ್ಲ."

"ಇದರಿಂದಲೇ ಗುಣ ಆಗ್ತಾ ಉಂಟು," ಎಂದೆ.

"ಮಣ್ಣಿನ ಕೆಲಸಕ್ಕೆ ನಮ್ಮ ಮನೆಯಲ್ಲಿ ಬೇರೆ ಜನ ಇದ್ದಾರೆ."

ಆಗ ಸರೋಜಕ್ಕ ಎದ್ದು ನಿಂತು, "ನಾನೇ ಕೇಳಿ ಮಾಡುವುದು ಅಣ್ಣ, ನನಗೆ ಖುಷಿ ಆಗ್ತದೆ," ಎಂದರು. ಎಷ್ಟೋ ತಿಂಗಳ ನಂತರ ಅವರು ಅಣ್ಣನೆದುರು ಆಡಿದ ಮೊದಲ ಮಾತು ಅದು.

"ನೀನು ಸುಮ್ಮನಿರು," ಎಂದರು ಅಣ್ಣ.

ಸರೋಜಕ್ಕ ನಳ್ಳಿ ನೀರಿನಲ್ಲಿ ಕೈ ತೊಳೆದು, ನನ್ನ ಕಡೆಗೂ ನೋಡದೆ ಕಾರಿನಲ್ಲಿ ಹೋಗಿ ಕುಳಿತರು. ಇನ್ನು ಕಳಿಸುವುದಿಲ್ಲವಂತೆ.

ಹೊರಡುವಾಗ ಅಣ್ಣನ ಕಣ್ಣು ಕೈತೋಟದ ಸೊಪ್ಪಿನ ಬಳ್ಳಿಯ ಚಪ್ಪರದ ಮೇಲೆ ಬಿತ್ತು. "ಬಸಳೆ ಒಳ್ಳೆದುಂಟಲ್ಲ, ಸ್ವಲ್ಪ ಕೊಡ್ತೀರಾ?"

ಕೊಯ್ದು ಕೊಟ್ಟೆ. ಅದನ್ನು ಬೆಳೆಸಿದ್ದು ನಿಮ್ಮ ತಂಗಿಯೇ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ಬಸಳೆಯನ್ನೂ ಬೇಡ ಎನ್ನುತ್ತಿದ್ದರೋ ಏನೋ.