ಕೊಡೆ ಹಿಡಿದು ನಿಂತ ಮರಗಳು

ಮೊನ್ನೆ ಮೊಮ್ಮಗಳ ಶಾಲೆಯ ಆಟದ ಸ್ಪರ್ಧೆಗೆ ಹೋಗಿದ್ದೆ. ಓಟದ ಗೆರೆ ಎಳೆಯಲು ಯಾರೋ ಸುಣ್ಣದ ಪುಡಿಯ ಚೀಲ ಬಿಚ್ಚಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಆ ಮೈದಾನದಲ್ಲಿ ಇರಲೇ ಇಲ್ಲ... ಚನ್ನಗಿರಿಯ ಸಂತೆ ಬಯಲಿನಲ್ಲಿ ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದೆ, ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಸೇರಿದ ಅಕ್ಕೋರಾಗಿ. ಮೊಮ್ಮಗಳು ಎಷ್ಟನೆಯವಳಾಗಿ ಬಂದಳೋ ನೋಡಲಿಲ್ಲ. ಮನೆಗೆ ಬಂದ ಮೇಲೆ ಚೆನ್ನಾಗಿ ಬೈಸಿಕೊಂಡೆ.

ಅವತ್ತು ನನಗೆ ಕೊಡೆ ಹಿಡಿಸಿದವನು ಪಕ್ಕದ ಮನೆಯ ಅಣ್ಣ. ಅವನು ನನ್ನ ಒಡಹುಟ್ಟಿದವನಲ್ಲ. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಇಡೀ ಬೀದಿಗೇ ಅವನು ಅಣ್ಣ. ಅವರಪ್ಪ ಅಡಿಕೆ ಮಂಡಿಯ ಯಜಮಾನರು. ಒಬ್ಬನೇ ಮಗನಿಗಾಗಿ ಮಂಡಿಯಲ್ಲಿ ಗಾದಿ ಹಾಸಿ ಕಾದಿದ್ದರೆ, ಆ ಮಗ ಬೆಂಗಳೂರಿನ ಸರ್ಕಾರಿ ತೋಟವೊಂದರಲ್ಲಿ ಎರಡು ವರ್ಷ ಕಲಿತು, ನಕಾಶೆ ಬರೆಯುವ ಹಲಗೆ, ಅಳತೆಯ ಸರಪಳಿ, ನೆಲದ ಮಟ್ಟ ನೋಡುವ ಹಿತ್ತಾಳೆ ಕೊಳವೆ ಹೊತ್ತುಕೊಂಡು ಬಸ್ಸಿನಿಂದ ಇಳಿದ. ಜನ ಕೂರುವ, ಅಡ್ಡಾಡುವ ಜಾಗಗಳನ್ನು ಮರ, ನೀರು, ದಾರಿಗಳಿಂದ ರೂಪಿಸುವುದು ತನ್ನ ಕಸುಬು ಅಂದ. ಈಗ ಅದಕ್ಕೆ ಭೂದೃಶ್ಯ ವಿನ್ಯಾಸ ಎಂದೋ ಏನೋ ದೊಡ್ಡ ಹೆಸರಿದೆ. ಆಗ ನಮ್ಮೂರಲ್ಲಿ ತೋಟ ಅಂದರೆ ಅಡಿಕೆ ತೋಟ. ಫಸಲು ಬರದ ತೋಟ ಮಾಡಲು ಯಾರಾದರೂ ಓದುತ್ತಾರೆಯೇ ಎಂದು ಊರವರು ಮೂಗಿನ ಮೇಲೆ ಬೆರಳಿಟ್ಟರು. ಯಜಮಾನರು ಮಾತ್ರ, "ಊರಿಗೊಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ" ಎಂದು ನಿಟ್ಟುಸಿರು ಬಿಟ್ಟರು.

ಅವರನ್ನು ದೂರಿ ಪ್ರಯೋಜನವಿಲ್ಲ, ಅಣ್ಣನ ಮೊದಲ ಕೆಲಸಗಳು ಹಾಗೇ ಇದ್ದವು. ಹೊನ್ನಾಳಿಯಲ್ಲಿ ಬಂಗಲೆಯೊಂದರ ಮುಂದೆ ಹುಲ್ಲುಹಾಸು ಮಾಡಿದ. ಮಳೆಗಾಲದಲ್ಲಿ ತುಂಗಭದ್ರೆ ಏರಿ ಬಂದು ಹುಲ್ಲು, ಮಣ್ಣು, ಕಲ್ಲುಬೆಂಚು ಎಲ್ಲವನ್ನೂ ಬಳಿದುಕೊಂಡು ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಎಂದು ಅವನೇ ನಕ್ಕ. ಜಗಳೂರಿನ ದಾರಿಯಲ್ಲಿ ಹೊಂಗೆಯ ಸಾಲು ನೆಟ್ಟ. ಬಿಳಿಚೋಡಿನ ಕಡೆಯ ಕುರಿಹಿಂಡು ಅದನ್ನು ಒಂದೇ ಮಧ್ಯಾಹ್ನದಲ್ಲಿ ಮೇಯ್ದು ಮುಗಿಸಿತಂತೆ. ನ್ಯಾಮತಿಯ ವ್ಯಾಪಾರಿಯೊಬ್ಬರಂತೂ ಅವನ ಕೈಯಲ್ಲಿ ಚೆಂದದ ಹೂವಿನ ಮಡಿ ಮಾಡಿಸಿಕೊಂಡು, ಅವನು ಬಸ್ಸು ಹತ್ತಿದ್ದೇ ತಡ, ಅದರಲ್ಲಿ ಮೆಣಸಿನಗಿಡ ಹಾಕಿದರು! ಇದನ್ನು ಹೇಳುವಾಗ ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. "ಮಡಿ ಅಳತೆ ಸರಿಯಾಗಿತ್ತು ನೋಡ್ರಿ ಅಕ್ಕೋರೇ, ಮೆಣಸಿನಕಾಯಿ ಭಾಳ ಚಲೋ ಬಂದ್ವಂತೆ" ಅನ್ನುತ್ತಿದ್ದ.

ಆಗ ಬಂತು ಸಂತೆ ಬಯಲಿನ ಸುದ್ದಿ. ಬಯಲಿನ ಪಕ್ಕದ ಪಾಳು ಜಾಗವನ್ನು ಏನು ಮಾಡುವುದೆಂದು ಊರ ಸಮಿತಿ ಯೋಚಿಸುತ್ತಿತ್ತು. ಯುದ್ಧದ ಕಾಲ, ಗೋದಾಮು ಕಟ್ಟಿದರೆ ಒಳ್ಳೆಯ ಬಾಡಿಗೆ ಬರುತ್ತದೆಂದು ಬಹಳ ಜನ ಹೇಳಿದರು. ಅಲ್ಲಿ ಎಲ್ಲರೂ ಬಂದು ಕೂರುವ ಉದ್ಯಾನ ಮಾಡೋಣ ಎಂದು ಅಣ್ಣ ನಕಾಶೆ ಬರೆದ. ಯಜಮಾನರು ಅವತ್ತು ಜಗಲಿಯ ಮೇಲೆ ಕೂತು ಖಡಾಖಂಡಿತವಾಗಿ ಹೇಳಿದ್ದು ಗೋಡೆಯ ಈಚೆ ನನಗೂ ಕೇಳಿಸಿತು.

"ಇದೊಂದು ನೋಡ್ತೀನಿ. ಸಮಿತಿಯೋರು ಹೂಂ ಅಂದ್ರೆ ನಿನ್ನ ದಾರಿ ನಿಂದು. ಇಲ್ಲಾಂದ್ರೆ ಆ ಸರಪಳಿ ಅಟ್ಟಕ್ಕೆ ಹಾಕಿ ಮಂಡಿಗೆ ಬಂದು ಕುಂದ್ರಬೇಕು."

ಅಣ್ಣ ಆಗಲಿ ಅಂದ. ಬೇರೇನು ಹೇಳಿಯಾನು?

ನಕಾಶೆಯನ್ನು ಸಮಿತಿಗೆ ತೋರಿಸಿದ ದಿನ ಅವನ ಮುಖ ಬಾಡಿತ್ತು. ಮರಗಳ ಗುರುತಿಗೆಂದು ಬರೆದ ಹಸಿರು ದುಂಡುಗಳನ್ನು ನೋಡಿ ಅಧ್ಯಕ್ಷರು, "ಇದೇನಪ್ಪ, ಇಷ್ಟೊಂದು ರೊಟ್ಟಿ ತಟ್ಟೀಯ?" ಅಂದರಂತೆ. ಎಲ್ಲರೂ ನಕ್ಕರಂತೆ. ಕಾಗದದ ಮೇಲಿನ ದುಂಡು ಯಾರಿಗೆ ತಾನೆ ತಂಪು ಕೊಡುತ್ತದೆ? ಆದರೆ ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವನು ಬಾಗಿಲಲ್ಲೇ ಕಾದಿದ್ದ. ಕಣ್ಣುಗಳು ಮಿಂಚುತ್ತಿದ್ದವು.

"ಅಕ್ಕೋರೇ, ರೊಟ್ಟಿಗೆ ಕಾಲು ಹಚ್ಚಾನ. ಊರಾಗೆ ಎಷ್ಟು ಕೊಡೆ ಅದಾವೆ ಹೇಳ್ರಿ?"

ಅಬ್ಬಾ, ಮುಂದಿನ ಆ ವಾರ! ಅಂಥ ವಾರ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ನಕಾಶೆಯಲ್ಲಿದ್ದುದನ್ನೆಲ್ಲ ಅವನು ನೆಲದ ಮೇಲೆ ನಿಜವಾದ ಅಳತೆಯಲ್ಲಿ ಎಳೆದ. ಸರಪಳಿ ಹಿಡಿದು ಗೂಟ ನೆಡುವುದು, ತೆಂಗಿನ ಹಗ್ಗ ಬಿಗಿಯುವುದು, ಅದರ ಗುಂಟ ಸುಣ್ಣದ ಪುಡಿ ಉದುರಿಸುವುದು. ನಾನೂ ಸೆರಗು ಸಿಕ್ಕಿಸಿಕೊಂಡು ಸುಣ್ಣ ಉದುರಿಸಿದೆ. ರಂಗೋಲಿ ಹಾಕುವ ಕೈ, ನನ್ನ ಗೆರೆ ಅವನದಕ್ಕಿಂತ ನೇರವಾಗಿಯೇ ಬಂತು. ಮರ ಬರುವ ಜಾಗದಲ್ಲೆಲ್ಲ ಒಬ್ಬೊಬ್ಬರು ಕೊಡೆ ಹಿಡಿದು ನಿಲ್ಲಬೇಕು, ಅಧ್ಯಕ್ಷರು ಒಳಗೆ ಅಡ್ಡಾಡಿ ನೋಡಬೇಕು, ಇದು ಅವನ ಹೂಟ. ಸಂತೆಯ ದಿನವೇ ಸರಿ ಅಂದ, ಜನರಿಗೂ ಕೊಡೆಗಳಿಗೂ ಬರವಿರುವುದಿಲ್ಲ.

ಜನ ಬಂದರು. ಬಂದವರು ಸುಮ್ಮನೆ ನಿಂತರೇ? ಗರಡಿಯ ಪೈಲ್ವಾನ ಆಲದ ಮರವೇ ಆಗುತ್ತೇನೆಂದು ಹಟ ಹಿಡಿದ. ದರ್ಜಿಗೆ ಸಂಪಿಗೆಯೇ ಬೇಕು. ಉಬ್ರಾಣಿಯಿಂದ ಸೊಪ್ಪು ಮಾರಲು ಬಂದಿದ್ದ ಅಜ್ಜಿಯನ್ನು ಹುಣಸೆಯ ಜಾಗದಲ್ಲಿ ನಿಲ್ಲಿಸಿದರೆ, "ನಾ ಒಲ್ಲೆನಪ್ಪ, ಹುಣಸೆ ಮ್ಯಾಲೆ ದೆವ್ವ ಕುಂತಿರ್ತಾವೆ. ಬೇವು ಮಾಡು, ನಿಲ್ತೀನಿ" ಅಂದಳು. ಅಣ್ಣ ಅಲ್ಲೇ ಪೆನ್ಸಿಲು ತೆಗೆದು ನಕಾಶೆಯಲ್ಲಿ ಹುಣಸೆ ಹೊಡೆದುಹಾಕಿ ಬೇವು ಬರೆದ. ನಾನು ಹೊಂಗೆ. ನನ್ನ ಶಾಲೆಯ ಹುಡುಗಿಯರೆಲ್ಲ ದಾರಿಯಂಚಿನ ಹೂಗಿಡಗಳು. ಅಧ್ಯಕ್ಷರು ಬಂದಾಗ ನಾನು ಶಾಲೆಯ ಸೀಟಿ ಊದಿದೆ. ಎಲ್ಲ ಕೊಡೆಗಳೂ ಒಮ್ಮೆಗೇ ಬಿಚ್ಚಿಕೊಂಡವು! ಪಾಳು ನೆಲದ ಮೇಲೆ ಕಪ್ಪು ಕಪ್ಪು ನೆರಳು ಬಿದ್ದಿತು. ಸಂತೆಯವರು ತಕ್ಕಡಿ ಬಿಟ್ಟು ಓಡಿಬಂದರು. ನನಗೆ ಕಿರುಚಿ ಕುಣಿಯಬೇಕೆನ್ನಿಸಿತು, ಆದರೆ ಹೊಂಗೆ ಮರ ಕುಣಿಯುವ ಹಾಗಿರಲಿಲ್ಲವಲ್ಲ.

ಅಧ್ಯಕ್ಷರು ಗೆರೆಗಳ ನಡುವೆ ನಡೆದರು. ಮರದಿಂದ ಮರಕ್ಕೆ ನೆರಳು ಹಿಡಿದು ಬಂದವರು ಪಡುವಣ ಮೂಲೆಯಲ್ಲಿ ನಿಂತುಬಿಟ್ಟರು. ಅಲ್ಲಿ ಕಲ್ಲುಬೆಂಚಿನ ಗುರುತಿತ್ತು, ನೆರಳಿರಲಿಲ್ಲ. ಅಲ್ಲಿ ನಿಲ್ಲಬೇಕಾಗಿದ್ದ ಟಪಾಲಿನವನು ಶಿವಮೊಗ್ಗದ ಬಸ್ಸಿನ ಸದ್ದು ಕೇಳಿ ಟಪಾಲು ಇಳಿಸಿಕೊಳ್ಳಲು ಕೊಡೆಸಮೇತ ಓಡಿಹೋಗಿದ್ದ!

"ಇಲ್ಲಿ ಬಿಸಿಲು ಸುಡ್ತೈತಲ್ಲೋ. ಜನ ಕುಂದ್ರೋ ಜಾಗದಾಗೇ ಹಿಂಗಾದ್ರೆ ಹೆಂಗೆ?" ಅಂದರು ಅಧ್ಯಕ್ಷರು.

ಅಣ್ಣ ಟಪಾಲಿನವನು ಓಡಿದ ದಾರಿಯತ್ತ ತಿರುಗಿ ನೋಡಿದ. ಅಷ್ಟರಲ್ಲಿ ಸಂತೆಯ ಗುಂಪನ್ನು ಸರಿಸಿಕೊಂಡು ಯಜಮಾನರು ಬರುವುದು ಕಾಣಿಸಿತು. ಮಂಡಿಯಿಂದ ನೇರವಾಗಿ ಬಂದಿದ್ದರು, ಪಂಚೆಗೆ ಅಡಿಕೆಯ ಚೊಗರಿನ ಕಲೆ. ಮಗನನ್ನು ಎಳೆದುಕೊಂಡು ಹೋಗಲಿಕ್ಕೇ ಬಂದರೆಂದುಕೊಂಡೆ. ಅವರು ಮಗನ ಮುಂದೆ ನಿಂತು ಕೊಡೆ ಬಿಚ್ಚಿದರು.

"ಬೇಗ ಹೇಳು, ಮಂಡಿಯಾಗೆ ಜನ ಕಾಯ್ತಾ ಅದಾರೆ. ನಾನೆಲ್ಲಿ ನಿಲ್ಲಬೇಕು?"

ಅಣ್ಣ ಬೆಂಚಿನ ಹಿಂದೆ ತೋರಿಸಿ, "ಇಲ್ಲಿ... ಅರಳಿ ಮರ, ಅಪ್ಪಾ" ಅಂದ.

"ಅರಳಿ ಬ್ಯಾಡ. ಮಾವು ಮಾಡು. ಮಂದಿ ಹಣ್ಣಾದ್ರೂ ತಿಂತಾರೆ."

ಎಷ್ಟಾದರೂ ವ್ಯಾಪಾರಿ! ಜನ ಗೊಳ್ಳೆಂದು ನಕ್ಕರು, ಅಧ್ಯಕ್ಷರೂ ನಕ್ಕರು. ನಗುತ್ತಲೇ ಬಂದು ಯಜಮಾನರ ನೆರಳಿನಲ್ಲಿ ನಿಂತು ಮುಖದ ಬೆವರು ಒರೆಸಿಕೊಂಡರು. "ತಂಪೈತೆ ಕಣ್ರೀ. ಆದ್ರೆ ಇದು ಮರ ಆಗಾಕೆ ಎಷ್ಟು ವರ್ಷ ಬೇಕೋ ಏನೋ" ಅಂದರು.

ಯಜಮಾನರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಭಾಳ ವರ್ಷ ಬೇಕು. ಅಷ್ಟೊತ್ತಿಗೆ ನಾನೂ ಇರಲ್ಲ, ನೀವೂ ಇರಲ್ಲ. ಹುಡುಗ್ರು ಇರ್ತಾರೆ. ಹೂಂ ಅನ್ರಿ."

ಅಧ್ಯಕ್ಷರು ಹೂಂ ಅಂದರು. ಆಮೇಲಿನ ಗದ್ದಲ ಕೇಳಬೇಡಿ. ಕೊಡೆಗಳು ಆಕಾಶಕ್ಕೆ ಹಾರಿದವು, ಪೈಲ್ವಾನ ಅಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುಣ್ಣದ ಗೆರೆಗಳನ್ನೆಲ್ಲ ತುಳಿದು ಅಳಿಸಿದ. ಮಾರನೆಯ ದಿನ ಬೈದುಕೊಳ್ಳುತ್ತ ಮತ್ತೆ ಎಳೆದೆವು.

ಮುಂಗಾರಿಗೆ ಸಸಿ ನೆಟ್ಟರು. ಮಾವಿನ ಸಸಿಯನ್ನು ಅಪ್ಪ ಮಗ ಇಬ್ಬರೂ ಸೇರಿ ನೆಟ್ಟರು. ಅಣ್ಣನ ಹೆಸರು ಹಬ್ಬಿತು. ಹೊನ್ನಾಳಿಯವರು ಮತ್ತೆ ಕರೆದರು, ಜಗಳೂರಿನವರು ಈ ಸಲ ಮುಳ್ಳಿನ ಬೇಲಿಯನ್ನೂ ಕಟ್ಟಿಕೊಡುತ್ತೇವೆಂದು ಕರೆದರು. ಅವನು ಜಗಳೂರಿಗೆ ಹೋದ. ಅಲ್ಲಿ ಚಳಿಜ್ವರ ಹಿಡಿಯಿತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಕರೆತಂದರು... ಅವನು ಮತ್ತೆ ಏಳಲಿಲ್ಲ. ಮಾವು ಇನ್ನೂ ನನ್ನ ಸೊಂಟದೆತ್ತರವಿತ್ತು.

ಯಜಮಾನರು ಅಟ್ಟಕ್ಕೆ ಹಾಕಿದ್ದು ಸರಪಳಿಯನ್ನಲ್ಲ, ಮಂಡಿಯ ಗಾದಿಯನ್ನು. ವ್ಯಾಪಾರವನ್ನು ಅಳಿಯನಿಗೆ ಬಿಟ್ಟು ದಿನಾ ಸಂಜೆ ಕೊಡದಲ್ಲಿ ನೀರು ಹೊತ್ತು ಆ ಗಿಡಕ್ಕೆ ಹಾಕಿದರು. ಬೇರೆಯವರು ಹಾಕುತ್ತೇವೆಂದರೆ ಕೊಡುತ್ತಿರಲಿಲ್ಲ. ಮೊದಲ ಫಲ ಬಿಟ್ಟ ವರ್ಷ ಅವತ್ತು ಕೊಡೆ ಹಿಡಿದು ನಿಂತವರ ಮನೆಮನೆಗೂ ಹಣ್ಣು ಕೊಂಡೊಯ್ದರು. ನಮ್ಮ ಬಾಗಿಲಿಗೂ ಬಂದರು. ನನ್ನ ಕೈಯಲ್ಲಿ ಹಣ್ಣಿಟ್ಟು, "ನಾನಿರಲ್ಲ ಅಂದಿದ್ದೆ ಅಕ್ಕೋರೇ..." ಅಂದರು. ಹಣ್ಣಿನ ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ನಡೆದರು.

ಈಗ ಅವರೂ ಇಲ್ಲ. ಹೋದ ಬೇಸಗೆಯಲ್ಲಿ ಚನ್ನಗಿರಿಗೆ ಹೋದವಳು ಮಧ್ಯಾಹ್ನ ಆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಯಾರೋ ಬಾಣಂತಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೂಕಡಿಸುತ್ತಿದ್ದಳು. ನೆರಳು ಅಣ್ಣ ನಕಾಶೆಯಲ್ಲಿ ದುಂಡಗೆ ಬರೆದಿದ್ದನಲ್ಲ, ಅಷ್ಟೇ ಅಗಲಕ್ಕೆ ಬಿದ್ದಿತ್ತು. ಅಳತೆ ಸರಿಯಾಗಿದೆ ಕಣೋ ಎಂದು ಅವನಿಗೆ ಹೇಳಬೇಕೆಂದು ಎಷ್ಟು ಆಸೆಯಾಯಿತು!