ನೀರೊಳಗೆ ಕತ್ತರಿಸಿದ ದಂಟು

ದಾವಣಗೆರೆಯ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಒಬ್ಬ ಅಟೆಂಡರ್ ಇದ್ದರು. ಹದಡಿಯಿಂದ ಬೆಳಗಿನ ಬಸ್ಸಿಗೆ ಬರುವಾಗ ಕರ್ಣಕುಂಡಲದ ಗಿಡಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ದಂಟನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿಯೇ ಕತ್ತರಿಸುವರು. "ಗಾಳಿ ಕುಡಿದ್ರೆ ಆಮೇಲೆ ನೀರು ಕುಡಿಯಂಗಿಲ್ಲವ್ವಾ," ಎಂದು ಪ್ರತಿ ಸಲವೂ ಹೇಳುವರು. ಗೆಳತಿಯರು "ಕಾಕಾ, ಅದಕ್ಕೆ ಚಾ ಕೊಡ್ರಿ" ಎಂದು ಕಾಡಿಸಿದರೆ, "ನಿಮ್ಮಂಗೆ ಅದಕ್ಕೆ ಬಾಯಿಲ್ಲ. ಎಲೆ ಬೆವರಿದ್ರೇನೇ ದಂಟಿಗೆ ಬಾಯಾರಿಕೆ" ಎನ್ನುವರು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ದಂಟು ನೀರನ್ನು ಮೇಲೇರಿಸುವುದನ್ನು ತೋರಿಸಬೇಕಿತ್ತು. ನಾನು ಗಾಬರಿಯಿಂದ ದಂಟನ್ನು ಮೇಜಿನ ಮೇಲೆಯೇ ಕತ್ತರಿಸಿ ಕೆಂಪು ಶಾಯಿಯ ನೀರಿಗಿಟ್ಟೆ. ಅರ್ಧ ಗಂಟೆಯಾದರೂ ಬಣ್ಣ ಮೇಲೇರಲಿಲ್ಲ, ಎಲೆಗಳು ಜೋತುಬಿದ್ದವು. ಬಣ್ಣ ಏರದಿದ್ದರೆ ನಾನು ಫೇಲು. ಪರೀಕ್ಷೆಯ ಹೊತ್ತಿನಲ್ಲಿ ಅಟೆಂಡರ್ ಮಾತಾಡುವಂತಿರಲಿಲ್ಲ. ನೀರು ತುಂಬಿದ ಬೋಗುಣಿಯನ್ನು ನನ್ನ ಮುಂದಿಟ್ಟು, ಪಕ್ಕದ ಕಿಟಕಿ ತೆರೆದು ಸರಿದರು.

ಆಗ ಹೊಳೆಯಿತು. ಗಾಳಿಯ ಗುಳ್ಳೆ ಸೇರಿ, ಒಳಗಿನ ನೀರಿನ ಎಳೆ ತುಂಡಾಗಿತ್ತು. ದಂಟಿನ ತುದಿಯನ್ನು ನೀರೊಳಗೆ ಮತ್ತೆ ಕತ್ತರಿಸಿ, ಶಾಯಿಗಿಟ್ಟು, ಕಿಟಕಿಯ ಬಿಸಿಲು ಗಾಳಿಗೆ ಒಡ್ಡಿದೆ. ಗಾಜಿನಂಥ ದಂಟಿನಲ್ಲಿ ಕೆಂಪು ಗೆರೆಗಳು ಕನಸಿನಷ್ಟು ಮೆಲ್ಲಗೆ ಏರತೊಡಗಿದವು. ಸುತ್ತಲಿನ ಸದ್ದೆಲ್ಲ ದೂರವಾಯಿತು. ಕೊನೆಗೆ ಎಲೆಯ ಒಂದೊಂದು ನರವೂ ಕೆಂಪಾಯಿತು.

"ಯಾರಮ್ಮಾ ಹೇಳ್ಕೊಟ್ಟಿದ್ದು?" ಪರೀಕ್ಷಕರು ಕೇಳಿದರು.

"ಇವತ್ತು ಯಾರೂ ಏನೂ ಹೇಳಿಲ್ಲ ಸರ್."

ಅಟೆಂಡರ್ ನಮಗೆ ಬೆನ್ನು ಹಾಕಿ, ಆಗಲೇ ತೊಳೆದಿಟ್ಟಿದ್ದ ಗಾಜಿನ ಲೋಟವೊಂದನ್ನು ಬಹಳ ಹೊತ್ತು ತೊಳೆಯುತ್ತಿದ್ದರು.