ಬ್ಯಾಂಜೊ ಗುಂಡಿಯ ಕುಂಕುಮ

ನಮ್ಮಪ್ಪನದು ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ಹಳೆಯ ಬ್ಯಾಂಜೊ. ಎಡಗೈಯಲ್ಲಿ ಗುಂಡಿ ಒತ್ತಿ ಬಲಗೈಯಲ್ಲಿ ತಂತಿ ಮೀಟಬೇಕು. ಎರಡು ವರ್ಷದಿಂದ ಅಪ್ಪನ ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣದು. ಆದರೂ ಬೂದಿಗೆರೆಯ ಶನಿವಾರದ ಭಜನೆ ತಪ್ಪಿಸಿದವರಲ್ಲ. ನಾನೇ ಕೈಹಿಡಿದು ಕರೆದೊಯ್ಯುತ್ತೇನೆ. ವಾರವೆಲ್ಲ ಅವರು ಕಾಯುವುದು ಆ ಒಂದು ಗಂಟೆಗೆ.

ಈ ಬೇಸಿಗೆಯಲ್ಲಿ ನಾಲ್ಕು ಗುಂಡಿಗಳು ಒತ್ತಿದರೆ ಮೇಲೇಳದಾದವು. ಅಂಗಡಿಯವನು ಹೊಸದು ತಗೊಳ್ಳಿ ಎಂದ. ನನಗೆ ಮೈಯುರಿಯಿತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಬಿಚ್ಚಿ ಜೋಡಿಸಿದವಳಿಗೆ ಇದೇನು ಮಹಾ? ಶುಕ್ರವಾರ ಮಧ್ಯಾಹ್ನ, ಅಪ್ಪ ಮಲಗಿದ್ದಾಗ ಸ್ಕ್ರೂ ಬಿಚ್ಚಿದೆ. ತುಕ್ಕು ಹಿಡಿದ ಸ್ಪ್ರಿಂಗುಗಳನ್ನು ಕಿತ್ತು, ಬಾಲ್‌ಪೆನ್ನಿನ ಸ್ಪ್ರಿಂಗು ಕತ್ತರಿಸಿ ಕೂರಿಸಿದೆ. ಹೊಸ ತಂತಿ ಕಟ್ಟಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಕೊಳೆ ಕಂಡರೆ ನನಗಾಗದು. ಮೂರು ಗುಂಡಿಗಳ ಮೇಲೆ ಹಳೆಯ ಗಂಧ ಕುಂಕುಮ ಗಟ್ಟಿಯಾಗಿ ಕೂತಿತ್ತು. ಸೋಪಿನ ನೀರು ಹಾಕಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದೆ.

ಎದ್ದ ಅಪ್ಪ ಬ್ಯಾಂಜೊ ಮುಂದಿಟ್ಟುಕೊಂಡು ಕೂತು, ಹೊಸ ತಂತಿಯನ್ನು ಶ್ರುತಿ ಮಾಡಿಕೊಂಡರು. ಬೆರಳುಗಳು ಗುಂಡಿಗಳ ಮೇಲೆ ಅತ್ತಿತ್ತ ತಡಕಾಡಿದವು. ಬಾರಿಸಿದ್ದೆಲ್ಲ ಅಪಸ್ವರ.

"ನನ್ನ ಕುಂಕುಮ ಏನಾಯ್ತು?"

"ಕೊಳೆ ಅಂತ ತೆಗ್ದ್ಬಿಟ್ಟೆ ಕಣಪ್ಪಾ."

ಪ್ರತಿ ಆಯುಧಪೂಜೆಗೂ ಅವರು ಅವೇ ಮೂರು ಗುಂಡಿಗಳಿಗೆ ಬೊಟ್ಟಿಡುತ್ತಿದ್ದರು. ಕಣ್ಣು ಹೋದ ಮೇಲೆ ಆ ಉಬ್ಬುಗಳನ್ನು ತಡವಿಯೇ ಸ್ವರ ಹುಡುಕುತ್ತಿದ್ದರಂತೆ. ವಾರವಾರವೂ ಪಕ್ಕದಲ್ಲೇ ಕೂರುವ ನನಗೆ ಅದು ಗೊತ್ತೇ ಇರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

"ಬಿಡು, ನಾಳೆ ಭಜನೇಲಿ ಬರೀ ತಾಳ ಹಾಕ್ತೀನಿ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಅಳು ಬಂದುಬಿಟ್ಟಿತು.

ದೇವರ ಗೂಡಿನಿಂದ ಗಂಧ, ಕುಂಕುಮ ತಂದು ಗೋಂದಿನಲ್ಲಿ ಕಲಸಿದೆ. ಅಪ್ಪ ಒಂದೊಂದೇ ಗುಂಡಿ ಒತ್ತಿ, ಮೀಟಿ, ಕಿವಿಗೊಟ್ಟು ಕೇಳಿ "ಇಲ್ಲಿ" ಎಂದಾಗ ಅದರ ಮೇಲೆ ದಪ್ಪಗೆ ಬೊಟ್ಟಿಟ್ಟೆ. ಮೂರೂ ಮುಗಿದ ಮೇಲೆ ಅಪ್ಪ ಬಟ್ಟಲಿನಲ್ಲಿ ಬೆರಳದ್ದಿದರು.

"ಕೈ ಕೊಡು."

"ಯಾಕಪ್ಪಾ?"

"ಪೂಜೆ ಅಂದ್ಮೇಲೆ ರಿಪೇರಿ ಮಾಡೋ ಕೈಗೂ ಆಗ್ಬೇಕು."

ನನ್ನ ಬಲಗೈಯನ್ನು ತಡವಿ ಹಿಡಿದು, ಅದರ ಮೇಲೆ ಒಂದು ಬೊಟ್ಟಿಟ್ಟರು.

ಮರುದಿನ ಭಜನೆಯಲ್ಲಿ ಅಪ್ಪ ಬ್ಯಾಂಜೊ ಬಾರಿಸಿದರು. ಎರಡು ಕಡೆ ತಪ್ಪಿದರು, ಅಷ್ಟೇ. ಕೊಳೆ ಕಂಡರಾಗದ ನಾನು ಹಿಂದಿನ ದಿನದ ಪಾತ್ರೆಗಳನ್ನೆಲ್ಲ ಸಿಂಕಿನಲ್ಲೇ ಬಿಟ್ಟು ಬಂದಿದ್ದೆ. ಆ ಕೈಯನ್ನು ನೀರಿಗೆ ಹಾಕಲು ಮನಸ್ಸು ಬಂದಿರಲಿಲ್ಲ.